ಹಾರವಾಡದ ಅಕ್ಕನ ಕಾರಿಗೆ ಎರಡು ರಬ್ಬರ್ ಬೂಟು

ಹೋದ ತಿಂಗಳು ಅಂಕೋಲೆಯ ಮೀನುಪೇಟೆಯಲ್ಲಿ ಶೆಟ್ಲಿ, ಅಂದರೆ ಸೀಗಡಿ, ಕೊಳ್ಳುತ್ತ ನಿಂತಿದ್ದಾಗ ಸುದ್ದಿ ಸಿಕ್ಕಿತು. ಹಾರವಾಡದ ಕಾರಿನ ಅಕ್ಕ ತೀರಿಕೊಂಡಳಂತೆ. ಹೇಳಿದವನು ಬೊಬ್ರುವಾಡದಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆಯವನು. ಹೇಳಿ ಸುಮ್ಮನಿದ್ದನೇ? ಇಲ್ಲ. "ಬಾಯಿ ಮಾತ್ರ ಭಾರಿ ಜೋರಿತ್ತು ನೋಡು ಅವಳದ್ದು" ಅಂತ ಸೇರಿಸಿ, ಹಲ್ಲು ಕಿರಿದು, ಬಂಗಡೆ ಆರಿಸೋದಕ್ಕೆ ಬಗ್ಗಿದ.

ಮೈಯೆಲ್ಲ ಉರಿದುಹೋಯಿತು ನನಗೆ. ಬಾಯಿ ಜೋರಿತ್ತಂತೆ! ಅವಳು ಮೊದಲ ಸಲ ಕೇಳುವಾಗ ಎಷ್ಟು ಮೆತ್ತಗೆ ಕೇಳುತ್ತಿದ್ದಳು ಅಂತ ಇವನಿಗೇನು ಗೊತ್ತು? ಎರಡನೇ ಸಲವೂ ಮೆತ್ತಗೇ ಕೇಳುತ್ತಿದ್ದಳು. ಎರಡು ಸಲವೂ ನಾವು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಮೂರನೇ ಸಲ ದನಿ ಏರಿತು ಅನ್ನುವಷ್ಟರಲ್ಲಿ ಎಲ್ಲರಿಗೂ ಒಮ್ಮೆಲೇ ಕಿವಿ ಬಂದುಬಿಡುತ್ತಿತ್ತು. 'ನಾವು' ಅನ್ನುವಾಗ ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ನಾನು ಕಾರವಾರದ ಒಂದು ಸ್ಪೇರ್‌ಪಾರ್ಟ್ಸ್ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಕೌಂಟರಿಗೆ ನಿಂತವನು. ದಿನಾ ಬೆಳಿಗ್ಗೆ ಅಂಕೋಲೆಯಿಂದ ಬಸ್ಸು, ಸಂಜೆ ಅದೇ ಬಸ್ಸಿನಲ್ಲಿ ವಾಪಸ್ಸು. ಅಂಗಡಿ ಈಗಿಲ್ಲ, ಸಾವ್ಕಾರರೂ ಇಲ್ಲ. ಈ ಮಾತು ಎರಡು ಸಾವಿರದ ಮೂರೋ ನಾಲ್ಕೋ ಇಸವಿಯದ್ದು.

ಆಕೆಗೆ ಆಗ ನಲವತ್ತೈದರ ಆಸುಪಾಸು. ಕುಳ್ಳಿ. ಕಚ್ಚೆ ಹಾಕಿ ಮೇಲೆ ಕಟ್ಟಿದ ಸೀರೆ, ತುರುಬಿನಲ್ಲಿ ತಪ್ಪದೆ ಅಬ್ಬಲಿಗೆ. ಗಂಡ ಸೊಂಟ ಹಿಡಿದು ಕಡಲಿಗೆ ಹೋಗುವುದನ್ನು ಬಿಟ್ಟಿದ್ದ, ಜಗಲಿಯಲ್ಲಿ ಕೂತು ಬೇರೆಯವರ ಬಲೆ ರಿಪೇರಿ ಮಾಡುತ್ತಿದ್ದ. ಮನೆಯ ಒಲೆ ಉರಿಯುತ್ತಿದ್ದುದು ಇವಳು ಅಮದಳ್ಳಿ, ಬಿಣಗಾದ ಕಡೆ ಮನೆಮನೆಗೆ ಮೀನು ಮಾರಿ ತರುತ್ತಿದ್ದುದರಿಂದ. ಮೊದಲು ಬುಟ್ಟಿ ಹೊತ್ತು ಬಸ್ಸಿಗೆ ಹೋಗುತ್ತಿದ್ದಳು. ಮೀನಿನ ಬುಟ್ಟಿ ಕಂಡರೆ ಕೆಲವು ಕಂಡಕ್ಟರರಿಗೆ ಮೂಗು ಸಿಂಡರಿಸುವ ಕಾಯಿಲೆ. "ವಾಸನೆ, ವಾಸನೆ, ಮುಂದಿನ ಬಸ್ಸಿಗೆ ಬಾ." ಮುಂದಿನ ಬಸ್ಸಿನವನೂ ಅದನ್ನೇ ಹೇಳುತ್ತಿದ್ದ. ಅಷ್ಟರಲ್ಲಿ ಬಿಸಿಲೇರಿ ಮೀನಿನ ಕಣ್ಣು ಬಿಳುಚುತ್ತಿತ್ತು. ಆ ಬಸ್ಸಿನಲ್ಲಿ ಕೂತು ಮೂಗು ಮುಚ್ಚಿಕೊಳ್ಳುತ್ತಿದ್ದವರೆಲ್ಲ ಮಧ್ಯಾಹ್ನ ಮನೆಗೆ ಹೋಗಿ ಎಂತ ಉಣ್ಣುತ್ತಿದ್ದರು ಸ್ವಾಮಿ? ಬರೀ ಮಜ್ಜಿಗೆಯೋ?

ಒಂದು ದಿನ ರೋಸಿಹೋಗಿ ಕಾರು ತಗೊಂಡಳು. ಅಂಕೋಲೆಯ ನಿವೃತ್ತ ಮಾಸ್ತರರೊಬ್ಬರು ಮಾರಲಿಟ್ಟಿದ್ದ ಸಣ್ಣ ಹಳೇ ಬಿಳಿ ಕಾರು, ಆಗಲೇ ಕಂಪನಿಯವರು ತಯಾರಿಸುವುದನ್ನು ನಿಲ್ಲಿಸಿದ್ದ ಮಾದರಿ. ಬಂಗಾರದ ಸರ ಹೋಯಿತು, ಕಾರು ಬಂತು. ಊರೆಲ್ಲ ನಕ್ಕಿತು. ಆಕೆ ನಗಲಿಲ್ಲ, ಅಳಲೂ ಇಲ್ಲ. ಕಡಲು ಇಳಿದ ಹೊತ್ತಿಗೆ ಹಾರವಾಡದ ಬೇಲೆಯ, ಅಂದರೆ ಕಡಲ ದಂಡೆಯ, ಗಟ್ಟಿ ಮರಳಿನ ಮೇಲೆ ಅಳಿಯನೊಬ್ಬನನ್ನು ಪಕ್ಕಕ್ಕೆ ಕೂರಿಸಿಕೊಂಡು ಡ್ರೈವಿಂಗ್ ಕಲಿತಳು. ಲೈಸೆನ್ಸನ್ನೂ ಮಾಡಿಸಿದಳು. ಹಿಂದಿನ ಸೀಟು ತೆಗೆದು ಪ್ಲಾಸ್ಟಿಕ್ ಹಾಸಿ ಐಸಿನ ಪೆಟ್ಟಿಗೆ ಇಟ್ಟಳು. ಮುಂದೆ ರಸ್ತೆ ಕಾಣಬೇಕಲ್ಲ, ಅದಕ್ಕೆ ಕೂರುವಲ್ಲಿ ಮಡಿಸಿದ ಎರಡು ಗೋಣಿಚೀಲ. ಕಾರು ಹೊರಡಿಸುವ ಮೊದಲು ಸ್ಟೇರಿಂಗ್ ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಿದ್ದಳು, ಅವರ ಮನೆಯ ಗಂಡಸರು ದೋಣಿಯ ಮೂತಿ ಮುಟ್ಟಿ ನಮಸ್ಕರಿಸುವ ಹಾಗೆ. ಕಾರು ನಿಲ್ಲಿಸಿ ಬಂದೆ ಅಂತ ಅವಳು ಒಮ್ಮೆಯೂ ಹೇಳಿದ್ದು ಕೇಳಿಲ್ಲ. "ದಡಕ್ಕೆ ಹಾಕಿ ಬಂದೆ" ಅನ್ನುತ್ತಿದ್ದಳು.

ನಮ್ಮ ಅಂಗಡಿಗೆ ಮೊದಲ ಸಲ ಬಂದಿದ್ದು ಫ್ಯಾನ್ ಬೆಲ್ಟಿಗೆ. ನಾನು ಒಂದು ತೆಗೆದುಕೊಟ್ಟೆ. ಅವಳು ಮುಟ್ಟಲಿಲ್ಲ.

"ಮೂರು ನಾಕು ತೆಗಿ ತಮಾ. ನೋಡಿ ತಕಂತೆ."

"ಎಲ್ಲಾ ಒಂದೇ ಅಮ್ಮಾ, ಕಂಪನಿ ಮಾಲು."

"ಅಕ್ಕ ಅನ್ನು, ಸಾಕು. ಒಂದೇ ಬುಟ್ಟಿ ಬಂಗಡೆ ಎಲ್ಲ ಒಂದೇ ಆಗಿರ್ತದ್ಯಾ? ಕಿವಿರು ಎತ್ತಿ ತೋರ್ಸದೆ ನಾ ಯಾರಿಗೂ ಮೀನು ಕೊಡೂದಿಲ್ಲ. ನೀನೂ ತೋರ್ಸು."

ನಾಲ್ಕು ಬೆಲ್ಟು ಹರವಿದೆ. ಒಂದೊಂದನ್ನೂ ಎಳೆದು, ಬಗ್ಗಿಸಿ, ಮೂಸಿ ನೋಡಿ ಒಂದನ್ನು ಆರಿಸಿದಳು. ನಗು ಬಂದಿತ್ತು ನನಗೆ. ಆಮೇಲೆ ನೋಡಿದರೆ ಉಳಿದ ಮೂರರಲ್ಲಿ ಒಂದಕ್ಕೆ ಒಳಮೈಯಲ್ಲಿ ಸಣ್ಣ ಬಿರುಕು ಇತ್ತು. ಇಷ್ಟು ವರ್ಷ ಕೌಂಟರಿಗೆ ನಿಂತ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಇನ್ನು ಆ ಬೂಟಿನ ಕತೆ. ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಎರಡು ಗಾಲಿಗಳನ್ನು ಆಚೆ ಈಚೆ ತಳ್ಳುವ ಒಂದು ಕಬ್ಬಿಣದ ಸರಳು ಕಾರಿನ ಅಡಿಯಲ್ಲಿ ಇರುತ್ತದೆ. ರ‍್ಯಾಕ್ ಅಂತಾರೆ. ಅದರ ಎರಡೂ ತುದಿಗೆ ಹಾರ್ಮೋನಿಯಮ್ಮಿನ ತಿದಿಯ ಹಾಗೆ ಮಡಿಕೆ ಮಡಿಕೆಯಾದ ರಬ್ಬರ್ ಚೀಲ. ಅದೇ ರ‍್ಯಾಕ್ ಬೂಟು. ಸರಳಿಗೆ ಮರಳು, ನೀರು ತಾಗದಂತೆ ಕಾಯುವುದಷ್ಟೇ ಅದರ ಕೆಲಸ. ಅಗ್ಗದ ಸಾಮಾನು. ಆದರೆ ಅದು ಹರಿದು ಒಳಗೆ ಮರಳು ಹೋಯಿತೋ, ಪೂರಾ ರ‍್ಯಾಕೇ ಹಾಳು.

ಆ ವರ್ಷ ಮಳೆಗಾಲಕ್ಕೆ ಮುಂಚೆ ಹಾರವಾಡದಲ್ಲಿ ದೋಣಿಗಳನ್ನು ಮೇಲೆಳೆದು ಮೀನೆಣ್ಣೆ ಬಳಿಯುತ್ತಿದ್ದರು. ಎಣ್ಣೆ ಕುಡಿದ ಮರಕ್ಕೆ ಉಪ್ಪು ತಾಗುವುದಿಲ್ಲ, ಹುಳ ಹಿಡಿಯುವುದಿಲ್ಲ. ಇವಳೂ ಅದೇ ಎಣ್ಣೆಯ ಡಬ್ಬಿ ಹಿಡಿದು ಕಾರಿನ ಅಡಿಗೆ ಅಂಗಾತ ಮಲಗಿ, ಒಂದು ಮೂಲೆ ಬಿಡದೆ ಬಳಿದಳು. ಕಬ್ಬಿಣಕ್ಕೂ ಬಳಿದಳು, ರಬ್ಬರಿಗೂ ಬಳಿದಳು. ಹಳೇ ರಬ್ಬರು ಎಣ್ಣೆ ಕುಡಿದು ಉಬ್ಬಿತು, ನೆನೆದ ಹಪ್ಪಳದಂತೆ ಮೆತ್ತಗಾಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಎರಡೂ ಬೂಟು ಹರಿದುಹೋದವು.

ಅಂಕೋಲೆಯ ಮೆಕ್ಯಾನಿಕ್ ಕಾರಿನಡಿಗೆ ನುಗ್ಗಿ ನೋಡಿ ಹೊಟ್ಟೆ ಹಿಡಿದು ನಕ್ಕನಂತೆ. ಬಂದವರಿಗೆಲ್ಲ ಹೇಳಿ ನಗಿಸಿದನಂತೆ, "ಕಾರಿಗೆ ಎಣ್ಣೆ ಸ್ನಾನ ಮಾಡ್ಸಿದ್ದಾಳೆ" ಅಂತ. ನಗುವವರ ಬಾಯಿಗೆ ಮಣ್ಣು ಹಾಕ! ಅವಳ ಮಾವನ ದೋಣಿ ಅದೇ ಎಣ್ಣೆಯಿಂದ ಮೂವತ್ತು ವರ್ಷ ಬಾಳಿತ್ತು. ಇವಳ ಕಾರಿನ ತಳಕ್ಕೆ ಒಂದು ಚೂರು ತುಕ್ಕು ಹಿಡಿದಿರಲಿಲ್ಲ, ಅದನ್ನೂ ಅದೇ ಮೆಕ್ಯಾನಿಕ್ಕೇ ಹೇಳಿದ್ದು. ರಬ್ಬರಿಗೆ ಎಣ್ಣೆ ಆಗದು ಅಂತ ಒಬ್ಬನಾದರೂ ಮೊದಲೇ ಹೇಳಿದ್ದನೇ? ಕೊನೆಗೆ ಅವನು ಹೇಳಿದ ಒಂದು ಮಾತು ಮಾತ್ರ ಸರಿಯಾಗಿತ್ತು. "ಸರಳು ಇನ್ನೂ ಚಲೋ ಇದೆ ಅಕ್ಕಾ. ಬೂಟು ಹಾಕೂವರೆಗೆ ಕಾರು ತೆಗೀಬೇಡ. ತೆಗ್ದ್ಯೋ, ಪೂರಾ ಹೋತದೆ."

ಅವಳು ಕಾರನ್ನು ಮನೆಯ ಅಂಗಳದಲ್ಲಿ ದಡಕ್ಕೆ ಹಾಕಿ, ಹಳೇ ತಾಡಪತ್ರಿ ಹೊದೆಸಿ, ಬೂಟು ಹುಡುಕುತ್ತ ಹೊರಟಳು. ಅಂಕೋಲೆಯಲ್ಲಿ ಸಿಗಲಿಲ್ಲ. ನಮ್ಮ ಅಂಗಡಿಗೆ ಬಂದಳು. ಹರಿದ ಬೂಟನ್ನು ಕಾಗದದಲ್ಲಿ ಸುತ್ತಿ ತಂದಿದ್ದಳು, ಮೀನು ಕಟ್ಟಿಕೊಡುವ ಹಾಗೆ.

"ಇಂಥದ್ದು ಎರಡು ಬೇಕಿತ್ತು ತಮಾ."

ನಾನು ಏನು ಹೇಳಿದೆ ಗೊತ್ತೇ? "ಬರೀ ಬೂಟು ಬರೂದಿಲ್ಲ ಅಕ್ಕಾ. ಪೂರಾ ರ‍್ಯಾಕೇ ತಕಬೇಕು."

ಸುಳ್ಳು. ಹಸೀ ಸುಳ್ಳು. ಅಂಗಡಿಯ ಅಟ್ಟದ ಮೇಲೆ ಆ ಕಾರಿನ ಬೂಟು ಎರಡು ಜೊತೆ ಇತ್ತು, ನಾನೇ ಕೈಯಾರೆ ಇಟ್ಟಿದ್ದೆ. ಆದರೆ ಸಾವ್ಕಾರರು ಯಾವುದೋ ಕಾಲದಲ್ಲಿ ಆ ಕಾರಿನ ಪೂರಾ ರ‍್ಯಾಕ್ ಒಂದನ್ನು ತರಿಸಿ ಕೈ ಸುಟ್ಟುಕೊಂಡಿದ್ದರು. ವರ್ಷಗಟ್ಟಲೆ ಅದು ಶೋಕೇಸಿನ ಅಡಿಯಲ್ಲಿ ಬಿದ್ದಿತ್ತು. ಅವರ ಅಪ್ಪಣೆ ಏನೆಂದರೆ, ಅದು ಹೋಗುವವರೆಗೆ ಬೂಟು ಕೇಳಿದವರಿಗೆ ಇಲ್ಲ ಅನ್ನಬೇಕು, ರ‍್ಯಾಕು ತೋರಿಸಬೇಕು. ಅವರು ಹಿಂದೆ ಕುರ್ಚಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. ರ‍್ಯಾಕಿನ ಬೆಲೆ ಅವಳು ಕಾರಿಗೆ ಕೊಟ್ಟಿದ್ದರ ಅರ್ಧಕ್ಕಿಂತ ಜಾಸ್ತಿ!

ಬೆಲೆ ಕೇಳಿ ಅವಳು ಹರಿದ ಬೂಟನ್ನು ಮತ್ತೆ ನನ್ನ ಮುಂದೆ ತಳ್ಳಿದಳು. ಆಮೇಲೆ ಮೆತ್ತಗೇ ಕೇಳಿದಳು, "ಸರಳು ಚಲೋ ಇದ್ಯಂತೆ ತಮಾ. ಬರೀ ರಬ್ಬರು ಹರ್ದದೆ. ರಬ್ಬರೇ ಸಿಗೂದಿಲ್ವಾ?"

"ಇಲ್ಲ ಅಕ್ಕಾ."

ಆಗ ಏರಿತು ದನಿ. "ಬಂಗಡೆ ನಾಕು ಕೊಡು ಅಂದವ್ರಿಗೆ ಬುಟ್ಟಿ ಸಮೇತ ತಕೊ ಅಂತ ನಾ ಹೇಳ್ತ್ನಾ? ಎಂತಾ ವ್ಯಾಪಾರ ಇದು ನಿಮ್ದು?"

ಹಿಂದಿನಿಂದ ಸಾವ್ಕಾರರು ಎದ್ದು ಬಂದರು. "ಹೋಯ್, ಇಲ್ಲಿ ಕೂಗಾಡಬೇಡ. ಮೀನು ಮಾರೂದಲ್ಲ ಇದು. ನಿಂಗೆ ತಿಳೀದ ವ್ಯವಹಾರ." ಅಂಗಡಿಯಲ್ಲಿದ್ದ ನಾಲ್ಕು ಜನ ನಕ್ಕರು. ನಾನೂ ನಕ್ಕೆ. ಇನ್ನೊಮ್ಮೆ ಬರೆಯುತ್ತೇನೆ. ನಾನೂ ನಕ್ಕೆ.

ಅಲ್ಲಿಂದ ಕಾಳಿ ಸೇತುವೆ ದಾಟಿ ಸದಾಶಿವಗಡದ ಗುಜರಿ ಅಂಗಡಿಗೆ ಹೋದಳಂತೆ. ಅವನು ಕೊಟ್ಟಿದ್ದು ಬೇರೆ ಯಾವುದೋ ಕಾರಿನ ಬೂಟು, ಬಾಯಿ ಅಗಲ. ತಂದು, ಗಂಡನ ಕೈಯಲ್ಲಿ ಬಲೆಯ ದಾರದಿಂದ ಬಿಗಿದು ಕಟ್ಟಿಸಿದಳು. ಆ ಗಂಟು ನೋಡಿ ಮೆಕ್ಯಾನಿಕ್ ಈ ಸಲ ನಗಲಿಲ್ಲವಂತೆ, "ನನ್ನ ಕ್ಲ್ಯಾಂಪಿಗಿಂತ ಗಟ್ಟಿ" ಅಂದನಂತೆ. ಗಂಟು ಗಟ್ಟಿಯೇ, ರಬ್ಬರು ಮುದಿ. ವಾರದೊಳಗೆ ಅದೂ ಸೀಳಿತು. ಕಾರು ಮತ್ತೆ ತಾಡಪತ್ರಿಯ ಕೆಳಗೆ ಹೋಯಿತು, ಬುಟ್ಟಿ ಮತ್ತೆ ಅವಳ ತಲೆಗೆ ಬಂತು.

ಒಂದು ಬೆಳಿಗ್ಗೆ ನಾನು ಬಸ್ಸಿನ ಕಿಟಕಿ ಬದಿ ಕೂತಿದ್ದೆ. ಹಾರವಾಡದ ಕ್ರಾಸಿನಲ್ಲಿ ಅವಳು ಹತ್ತಿದಳು. ಬುಟ್ಟಿಗೆ ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಬಾಳೆಎಲೆ, ಅದರ ಮೇಲೆ ಗೋಣಿ. ಒಂದು ಹನಿ ನೀರು ಸೋರುತ್ತಿರಲಿಲ್ಲ. ಕಂಡಕ್ಟರ್ ಟಿಕೆಟ್ ಕೂಡ ಕೇಳಲಿಲ್ಲ, "ಇಳಿ, ಇಳಿ" ಅಂದ.

"ಹಿಂದೆ ನಿಂತ್ಕಂತೆ, ಮಾರಾಯಾ. ಅಮದಳ್ಳಿವರೆಗೆ ಅಲ್ವಾ."

"ಇಳೀತ್ಯಾ ಇಲ್ವಾ? ಕಾರಿತ್ತಲ್ಲ ನಿಂದು, ಅದ್ರಲ್ಲೇ ಹೋಗು."

ಬಸ್ಸೆಲ್ಲ ಗೊಳ್ಳೆಂದಿತು. ಬುಟ್ಟಿ ಇಳಿಸುವ ಅವಸರದಲ್ಲಿ ಬಾಗಿಲಿಗೆ ತಾಗಿ ಪ್ಲಾಸ್ಟಿಕ್ ಹರಿದು, ನಾಲ್ಕೈದು ಬಂಗಡೆ ಡಾಂಬರಿನ ಮೇಲೆ ಬಿದ್ದವು. ಅವಳು ಬಗ್ಗಿ ಒಂದೊಂದನ್ನೇ ಹೆಕ್ಕಿ, ಸೀರೆಯ ಸೆರಗಿನಲ್ಲಿ ಮಣ್ಣು ಒರೆಸುತ್ತಿದ್ದಳು. ತಲೆ ಎತ್ತಿದಾಗ ನನ್ನನ್ನು ನೋಡಿದಳು. ನಾನು ಪೇಪರು ಎತ್ತಿ ಮುಖಕ್ಕೆ ಹಿಡಿದೆ. ಬಸ್ಸು ಹೊರಟಿತು. ಥೂ, ನಾನೂ ಒಬ್ಬ ಮನುಷ್ಯನೇ! ಅವಳು ಆ ರಸ್ತೆಯಲ್ಲಿ ಮೀನು ಹೆಕ್ಕುತ್ತಿದ್ದುದು ಕಂಡಕ್ಟರನಿಂದಲ್ಲ, ನನ್ನಿಂದ. ಅಟ್ಟದ ಮೇಲಿನ ಡಬ್ಬಿ ಇಳಿಸಿಕೊಡುವುದಕ್ಕೆ ಎರಡು ನಿಮಿಷ ಸಾಕಿತ್ತು.

ಆ ಶನಿವಾರ ಸಾವ್ಕಾರರು ಊಟಕ್ಕೆ ಹೋದ ಹೊತ್ತಿಗೆ ಏಣಿ ಹಾಕಿ ಒಂದು ಜೊತೆ ಇಳಿಸಿದೆ. ಬಾಯಿಗೆ ಬಂದ ಒಂದು ಹೆಸರಿನಲ್ಲಿ ಬಿಲ್ ಬರೆದು, ದುಡ್ಡು ನಾನೇ ಹಾಕಿದೆ. ಭಾನುವಾರ ಬೆಳಿಗ್ಗೆ ಸೈಕಲ್ ಹೊಡೆದುಕೊಂಡು ಹಾರವಾಡಕ್ಕೆ ಹೋದೆ. ಗಂಡ ಜಗಲಿಯಲ್ಲಿ ಬಲೆ ಹರವಿಕೊಂಡು ಕೂತಿದ್ದ. ಅವಳು ಹೊರಗೆ ಬಂದು ಬೂಟು ಕೈಗೆ ತಗೊಂಡಳು. ಹಿಗ್ಗಿಸಿದಳು, ಮೂಸಿದಳು, ಮಡಿಕೆ ಮಡಿಕೆ ಬಿಡಿಸಿ ನೋಡಿದಳು. ಆಮೇಲೆ ಡಬ್ಬಿಯ ಧೂಳನ್ನು ಬೆರಳಿನಿಂದ ಒರೆಸಿದಳು. ಹಳೇ ಧೂಳು, ಬೆರಳಿಗೆ ಮೆತ್ತಿಕೊಂಡಿತು.

"ಇದು ಹೊಸಾದಾಗಿ ಬಂದ ಮಾಲಲ್ಲ," ಅಂದಳು. "ನಾ ಬಂದ್ ಕೇಳಿದ್ ದಿನ ಅಂಗಡಿಲಿ ಇತ್ತಾ?"

ಈ ಸಲ ಸುಳ್ಳು ಹೇಳಲಿಲ್ಲ. "ಇತ್ತು ಅಕ್ಕಾ."

ಬಯ್ಯುತ್ತಾಳೆ ಅಂತ ಕಾದೆ. ಬಯ್ಯಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟಳು. ಗಂಡ ಬಲೆಯಿಂದ ಕಣ್ಣೆತ್ತದೆ, "ನೀ ಇಲ್ಲ ಅಂದು ಇಪ್ಪತ್ತು ದಿನ" ಅಂದ. ಅಷ್ಟೇ ಅಂದ. ನಾನು ಏನೇನೋ ಬಡಬಡಿಸಿದೆ, ಸಾವ್ಕಾರರ ಅಪ್ಪಣೆ, ರ‍್ಯಾಕು, ನನ್ನ ಕೆಲಸ, ಅದು ಇದು. ದುಡ್ಡು ಬೇಡ ಅಂದೆ. ಅಲ್ಲಿಗೆ ಎದ್ದು ನಿಂತಳು ನೋಡಿ!

"ಬೇಡ ಅಂತ್ಯಾ? ನಾ ಬೇಡೂಕೆ ಬಂದಿದ್ನಾ? ತಕೊಂಬೂಕೇ ಬಂದಿದ್ದೆ ಅಲ್ವಾ?" ಡಬ್ಬಿಯ ಮೇಲಿದ್ದ ಬೆಲೆಯನ್ನು ನನ್ನಿಂದಲೇ ಓದಿಸಿ ಅಷ್ಟನ್ನೂ ನನ್ನ ಕಿಸೆಗೆ ತುರುಕಿದಳು. ಆಮೇಲೆ ಹೇಳಿದಳು, "ಒಂದು ಮಾಡು ತಮಾ. ನನ್ ಹತ್ರ ಹೇಳ್ದೆಯಲ್ಲ, ಇತ್ತು ಅಂತ. ಅದೇ ಮಾತು ಅಂಗಡಿಲಿ, ಜನರ ಎದ್ರಿಗೆ ಹೇಳು. ನನ್ನ ನೋಡಿ ನಕ್ಕವ್ರ ಎದ್ರಿಗೆ. ಹೇಳ್ತ್ಯಾ?"

"ಹೇಳ್ತೆ," ಅಂದೆ.

ಬುಧವಾರ ಅಂಗಡಿಯ ಮುಂದೆ ಆ ಬಿಳಿ ಕಾರು ಬಂದು ನಿಂತಿತು. ಹನ್ನೊಂದು ಗಂಟೆಯ ಹೊತ್ತು, ಅಂಗಡಿ ತುಂಬ ಗಿರಾಕಿ. ಅವಳು ಒಳಗೆ ಬಂದು ಕೌಂಟರಿಗೆ ಕೈ ಊರಿ ನಿಂತಳು. ಸಾವ್ಕಾರರು ಕಾರನ್ನೂ ಅವಳನ್ನೂ ನೋಡಿ ಕುರ್ಚಿಯಿಂದ ಎದ್ದರು.

"ಓಹೋ, ಕಾರು ತೆಗ್ದ್ಯಾ? ಬೂಟು ಎಲ್ಲಿ ಸಿಕ್ತು?"

ಅವಳು ನನ್ನ ಕಡೆ ತಿರುಗಿದಳು. "ತಮಾ, ನೀ ಹೇಳು. ಇಲ್ಲಿ ಇತ್ತಾ, ಇಲ್ವಾ?"

ಸಾವ್ಕಾರರೂ ನನ್ನನ್ನು ನೋಡಿದರು. ಗಿರಾಕಿಗಳೂ ನೋಡಿದರು. ಹೇಳಬೇಕಾಗಿದ್ದುದು ಒಂದೇ ಮಾತು. ನನಗೆ ಆ ಹೊತ್ತಿನಲ್ಲಿ ನೆನಪಾಗಿದ್ದು ಏನು? ಹಿರಿಯವನ ಶಾಲೆ ಫೀಸು, ಕಿರಿಯವಳ ಕೆಮ್ಮಿನ ಔಷಧಿ. ನಾನು ಬಿಲ್ ಪುಸ್ತಕದೊಳಗಿನ ಕಾರ್ಬನ್ ಹಾಳೆಯನ್ನು ಎಳೆದು, ತಿರುಗಿಸಿ, ಮತ್ತೆ ಇಡತೊಡಗಿದೆ. ಕೈಯೆಲ್ಲ ನೀಲಿಯಾಯಿತು. ಅವಳು ಕಾದಳು. ಅಷ್ಟು ಹೊತ್ತು ಯಾರೂ ನನಗಾಗಿ ಕಾದಿದ್ದಿಲ್ಲ.

ಆಮೇಲೆ ಅವಳೇ ಹೇಳಿದಳು. "ಗೋವೆಯಿಂದ ತರ್ಸಿದೆ, ಸಾವ್ಕಾರ್ರೇ. ಅಲ್ಲಿ ಬಿಡಿ ಕೊಡ್ತ್ರಂತೆ."

ಸಾವ್ಕಾರರ ಮುಖ ಅರಳಿತು. ಗಿರಾಕಿಗಳ ಕಡೆ ತಿರುಗಿ, "ನೋಡಿ, ನಾ ಅವತ್ತೇ ಹೇಳಿದ್ದೆ. ನಮ್ಮ ಕಡೆ ಬರೂದೇ ಇಲ್ಲ ಅಂತ. ಸುಮ್ನೆ ಬಾಯಿ ಮಾಡ್ತ್ರು ಇವ್ರು" ಅಂದರು. ಎಲ್ಲರೂ ಹೌದು ಹೌದೆಂದು ತಲೆಯಾಡಿಸಿದರು. ಕಿವಿರು ಎತ್ತಿ ತೋರಿಸದೆ ಒಂದು ಬಂಗಡೆ ಮಾರದ ಹೆಂಗಸು, ಆ ಮಾತನ್ನು ನುಂಗಿಕೊಂಡು ನಿಂತಿದ್ದಳು. ಯಾರಿಗೋಸ್ಕರ? ಬಾಯಿ ಬಿಡದ ಈ ಹೇಡಿಗೋಸ್ಕರ.

ಅವಳು ಹೊರಗೆ ನಡೆದಳು, ನಾನು ಹಿಂದೆಯೇ ಓಡಿದೆ. ಅವಳು ಆಗಲೇ ಗೋಣಿಚೀಲದ ಮೇಲೆ ಕೂತು ಸ್ಟೇರಿಂಗ್ ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಿದ್ದಳು.

"ಮಕ್ಕಳು ಎಷ್ಟು ನಿಂಗೆ?"

"ಎರಡು ಅಕ್ಕಾ."

"ಹೂಂ," ಅಂದಳು. ಕಾರು ಹೊರಟುಹೋಯಿತು.

ಮತ್ತೆ ಅವಳು ನಮ್ಮ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಆ ಕಾರು ಮುಂದೆ ಆರೇಳು ವರ್ಷ ಹೆದ್ದಾರಿಯಲ್ಲಿ ಓಡಿತು. ನನ್ನ ಬಸ್ಸು ಅದನ್ನು ಎಷ್ಟೋ ಸಲ ಹಿಂದೆ ಹಾಕಿತು, ಅವಳು ಒಮ್ಮೆಯೂ ಕಿಟಕಿಯ ಕಡೆ ನೋಡಲಿಲ್ಲ. ನಾನು ಅದೇ ಕೌಂಟರಿನಲ್ಲಿ ಇನ್ನೂ ಹನ್ನೊಂದು ವರ್ಷ ನಿಂತೆ. ಅದೇ ಬೂಟು ಕೇಳಿಕೊಂಡು ಮತ್ತೆ ಮೂವರು ಬಂದರು. ಮೂವರಿಗೂ ನಾನು ಇಲ್ಲ ಅಂದೆ. ಆ ದರಿದ್ರ ರ‍್ಯಾಕನ್ನು ಯಾರೂ ಕೊಳ್ಳಲಿಲ್ಲ, ಕಡೆಗೆ ತೂಕಕ್ಕೆ ಹೋಯಿತು. ಸಾವ್ಕಾರರು ಹೋದ ಮೇಲೆ ಅಂಗಡಿ ಖಾಲಿ ಮಾಡುವಾಗ ಏಣಿ ಹತ್ತಿ ನೋಡಿದೆ, ಉಳಿದ ಒಂದು ಜೊತೆ ಬೂಟು ಹಾಗೇ ಇತ್ತು. ಕೈಗೆತ್ತಿಕೊಂಡರೆ ರಬ್ಬರು ಒಣಗಿ ಪುಡಿಯಾಗಿ ಉದುರಿತು.

ಸತ್ತ ಸುದ್ದಿ ಕೇಳಿದ ಮರುದಿನ ಹಾರವಾಡಕ್ಕೆ ಹೋಗಿದ್ದೆ. ಜಗಲಿಯ ಮೇಲೆ ಊರ ಜನ ಕೂತಿದ್ದರು. ಅವಳ ಗಂಡ ಗೋಡೆಗೊರಗಿದ್ದ, ನನ್ನ ಗುರುತು ಹಿಡಿಯಲಿಲ್ಲ. ಯಾರು ಅಂತ ಕೇಳಿದ. ನಾನು ನಿಂತೇ ಹೇಳಿದೆ, ಎಲ್ಲರಿಗೂ ಕೇಳುವಷ್ಟು ಜೋರಾಗಿ ಹೇಳಿದೆ. ಕಾರವಾರದ ಅಂಗಡಿಯವನು, ಕಾರಿನ ಬೂಟು ಇಲ್ಲ ಅಂದವನು. ಇತ್ತು, ಅಟ್ಟದ ಮೇಲೆ ಎರಡು ಜೊತೆ ಇತ್ತು. ಗೋವೆಯಿಂದ ಬಂದಿದ್ದಲ್ಲ.

ಮುದುಕ ನನ್ನ ಮುಖ ನೋಡಿದ. ಆಮೇಲೆ, "ಅವಳಿಗೆ ಕೇಳೂ ಹಂಗೆ ಹೇಳ್ಬೇಕಿತ್ತು" ಅಂದ.